ಪುಟ ಹನ್ನೊಂದರಲ್ಲಿ ಮುಚ್ಚಿರುವ ಚರಂಡಿಯ ವಿಷಯ

ನಮ್ಮ ವಾರ್ಡಿನ ಮಾನ್ಯ ಸದಸ್ಯರ ಸನ್ನಿಧಿಗೆ. ಓದಲು ಬರುವ ಎಲ್ಲರ ಅವಗಾಹನೆಗೆ.

ಮಾನ್ಯರೇ,

ತಮಗೂ, ತಮ್ಮ ಮನೆಮಂದಿಗೂ, ತಮ್ಮ ವರದಿ ಪುಸ್ತಕದಲ್ಲಿರುವ ತಮ್ಮ ಹದಿನೇಳು ಫೋಟೋಗಳಿಗೂ ನನ್ನ ನಮಸ್ಕಾರಗಳು. ನಾನು ಅಂಜಿನವ್ವ, ದಾವಣಗೆರೆಯ ಹಳೇ ಭಟ್ಟಿ ಓಣಿಯ ಮೂಲೆ ಮನೆಯವಳು. ತವರು ಹರಿಹರ. ಅಲ್ಲಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿ, ಮಂಡಕ್ಕಿ ಹುರಿಯುವವರ ಈ ಓಣಿಗೆ ಸೊಸೆಯಾಗಿ ಬಂದು ನಲವತ್ತಾರು ವರ್ಷವಾಯಿತು. ಈಗ ನನಗೇ ಮೂವರು ಸೊಸೆಯಂದಿರಿದ್ದಾರೆ. ಇಬ್ಬರು ನನ್ನ ಮಾತು ಕೇಳುತ್ತಾರೆ, ಒಬ್ಬಳು ಕೇಳಿದ ಹಾಗೆ ಮಾಡುತ್ತಾಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಉಡಿ ತುಂಬುವುದಿದ್ದರೂ ಮೊದಲ ಮಣೆ ನನಗೆ ಹಾಕುತ್ತಾರೆ. ಇದನ್ನು ಜಂಬಕ್ಕೆ ಬರೆದದ್ದಲ್ಲ. ನಾನು ಸಹಿ ಹಾಕಿದ ಕಡೆ ಓಣಿಯೆಲ್ಲ ಸಹಿ ಹಾಕುತ್ತದೆ ಎಂಬುದು ತಮಗೆ ನನಗಿಂತ ಮೊದಲೇ ಗೊತ್ತಿದ್ದಂತೆ ಕಾಣುವುದರಿಂದ ಬರೆದೆ.

ದಸರೆಗೆ ಮುಂಚೆ ತಾವು ಮನೆಮನೆಗೆ ಹಂಚಿಸಿದ ‘ತಮ್ಮ ಸೇವೆಯಲ್ಲಿ ಐದು ವರ್ಷ’ ಎಂಬ ವರದಿ ಕೈಸೇರಿತು. ಕಾಗದ ಬಹಳ ನುಣುಪಾಗಿದೆ. ಮಂಡಕ್ಕಿ ಪೊಟ್ಟಣ ಕಟ್ಟಿದರೆ ಬಿಚ್ಚಿಕೊಳ್ಳುತ್ತದೆ ಎನ್ನುವುದನ್ನು ಬಿಟ್ಟರೆ ಅದರಲ್ಲಿ ದೋಷವಿಲ್ಲ. ಪುಟ ಹನ್ನೊಂದರಲ್ಲಿ ‘ಹಳೇ ಭಟ್ಟಿ ಓಣಿಯ ಚರಂಡಿಗೆ ಸಂಪೂರ್ಣ ಚಪ್ಪಡಿ ಹೊದಿಕೆ: ಮಹಿಳೆಯರ ಮೆಚ್ಚುಗೆ’ ಎಂದು ಓದಿ, ಕನ್ನಡಕ ಒರೆಸಿಕೊಂಡು ಹೊರಗೆ ಹೋಗಿ ನೋಡಿದೆ. ಯುಗಾದಿಗೆ ಮೊದಲು ಹೂಳು ತೆಗೆಯಲೆಂದು ಚಪ್ಪಡಿಗಳನ್ನು ಎತ್ತಿದ ದಿನ ಚರಂಡಿ ಹೇಗೆ ಬಾಯಿ ತೆರೆದಿತ್ತೋ ಹಾಗೆಯೇ ತೆರೆದಿತ್ತು. ಒಳಗೆ ಬಂದು ಮತ್ತೊಮ್ಮೆ ಓದಿದೆ. ಪುಸ್ತಕದಲ್ಲಿ ಮುಚ್ಚಿತ್ತು. ಮೆಚ್ಚುಗೆಯ ಕೆಳಗೆ ನಲವತ್ತೊಂದು ಹೆಂಗಸರ ಸಹಿಗಳು ಅಚ್ಚಾಗಿದ್ದವು, ಮೊದಲನೆಯದು ನನ್ನದು.

ಸಹಿ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಶ್ರಾವಣದ ಮೂರನೇ ಶುಕ್ರವಾರ ತಾವು ಸಮುದಾಯ ಭವನದಲ್ಲಿ ತಮ್ಮ ಶ್ರೀಮತಿ ಲಕ್ಷ್ಮೀದೇವಿಯವರ ಕೈಯಿಂದ ನಮಗೆಲ್ಲ ಉಡಿ ತುಂಬಿಸಿದಿರಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಹಸಿರು ಕುಬುಸದ ಕಣ, ಯಾವುದಕ್ಕೂ ಕೊರತೆ ಇರಲಿಲ್ಲ. ಮಣೆಯ ಮೇಲೆ ಕೂರುವ ಮೊದಲು ತಮ್ಮ ಕಡೆಯ ದುರುಗಣ್ಣ ಉದ್ದನೆಯ ರಿಜಿಸ್ಟರ್ ಹಿಡಿದು, “ಅಮ್ಮಾರೇ, ಕಣ ಮುಟ್ಟಿದ್ದಕ್ಕ ಒಂದ್ ಸಹಿ ಹಾಕ್ರಿ, ಒಬ್ರಿಗೇ ಎರಡ್ ಸಲ ಹೋಗಬಾರ್ದು” ಎಂದ. ಹಾಳೆಯ ಮೇಲ್ಭಾಗ ಖಾಲಿ ಇತ್ತು. ತಲೆಬರಹವಿಲ್ಲದ ಕಾಗದಕ್ಕೆ ಸಹಿ ಹಾಕಬಾರದೆಂದು ಸೊಸೆಯಂದಿರಿಗೆ ಬುದ್ಧಿ ಹೇಳುವವಳೇ ನಾನು. ಆದರೂ ಅರಿಶಿನ ಕುಂಕುಮಕ್ಕೆ ಕರೆದ ಮನೆಯವರ ಕಾಗದವನ್ನು ತಿರುಗಿಸಿ ನೋಡುವುದು ಮರ್ಯಾದೆಯಲ್ಲವೆಂದು ಹಾಕಿದೆ. ನಾನು ಹಾಕಿದ್ದನ್ನು ನೋಡಿ ಉಳಿದ ನಲವತ್ತು ಮಂದಿ ಹಾಕಿದರು. ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಯಾಸ್ಮೀನ್ ಕುಂಕುಮ ಬಿಟ್ಟು ಕಣ ತೆಗೆದುಕೊಂಡು ಉರ್ದುವಿನಲ್ಲಿ ಸಹಿ ಹಾಕಿದಳು. ಪುಸ್ತಕದಲ್ಲಿ ಅದು ತಲೆಕೆಳಗಾಗಿ ಬಂದಿದೆ. ಮೆಚ್ಚುಗೆ ಉಕ್ಕಿದಾಗ ಹಾಗಾಗುವುದುಂಟು.

ಹದಿನೇಳನೆಯ ಸಹಿ ಕಾಳವ್ವನದು. ಬೆಳಿಗ್ಗೆ ಮಂಡಕ್ಕಿ ಬುಟ್ಟಿ ಹೊತ್ತು ಹೊರಟರೆ ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಬರುವ ಹೆಂಗಸು. ಉಡಿ ತುಂಬಿಸಿಕೊಂಡ ಒಂಬತ್ತನೆಯ ದಿನ ಅವಳ ಮನೆಯ ಮುಂದೆ ಚರಂಡಿಗೆ ಅಡ್ಡ ಹಾಕಿದ್ದ ಹಲಗೆ ಜಾರಿ, ಬುಟ್ಟಿ ಸಮೇತ ಒಳಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿದೆ. ಬೆಳಿಗ್ಗೆ ಸಂಜೆ ಕೋಲು ಹಿಡಿದು ನಡೆಯದಿದ್ದರೆ ಕಾಲು ಹಾಗೆಯೇ ಬಿಗಿದುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಡೆಯೋಣವೆಂದರೆ ಹೊಸ್ತಿಲ ಆಚೆಯೇ ಮೂರಡಿ ಅಗಲದ ಚರಂಡಿ. ಹಲಗೆಯ ಮೇಲೆ ಕೋಲು ನಿಲ್ಲುವುದಿಲ್ಲ. ಎತ್ತಿ ದಾಟಿಸಬೇಕೆಂದರೆ ನಾಲ್ಕು ಜನ ಬೇಕು. “ನಾಕ್ ಜನ ಹೊರೋದು ಒಂದ್ ಸಲಕ್ಕೇ ಇರ್ಲಿ, ದಿನಾ ಬ್ಯಾಡ” ಎಂದು ಅವಳು ಒಳಗೇ ಕುಳಿತಿದ್ದಾಳೆ. ಎರಡು ತಿಂಗಳಾಯಿತು.

ಕಾಳವ್ವನ ಮನೆಯ ಮುಂದಿನ ಚಪ್ಪಡಿಯಾದರೂ ಹಾಕಿಸಿ ಎಂಬ ಅರ್ಜಿ ಹಿಡಿದು ನಾನೂ ಯಾಸ್ಮೀನಳೂ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟ, ಆಮೇಲೆ ತಮ್ಮ ಪುಸ್ತಕ ತೆಗೆದು ಪುಟ ಹನ್ನೊಂದನ್ನು ನಮ್ಮ ಕಡೆ ತಿರುಗಿಸಿ, “ಅಮ್ಮಾ, ಮುಚ್ಚಿದ ಗಟಾರದಾಗ ಹೆಂಗ್ ಬೀಳ್ತಾರ್ರಿ? ಬಿದ್ದೋರೇ ಮುಚ್ಚೈತೆ ಅಂತ ಸಹಿ ಹಾಕ್ಯಾರ, ನೋಡ್ರಿಲ್ಲಿ” ಎಂದ. ಯಾಸ್ಮೀನ್, “ಹಂಗಾದ್ರ ಕಾಳವ್ವ ಪುಸ್ತಕದ ಹೊರಗ ಬಿದ್ದಿರಬೇಕು ಬಿಡ್ರಿ” ಎಂದಳು. ಅವನು ನಗಲಿಲ್ಲ. ಅರ್ಜಿಯ ಮೇಲೆ ‘ವಿಲೇವಾರಿ’ ಎಂದು ಬರೆದುಕೊಂಡ.

ಇಷ್ಟಾದರೂ ತಮ್ಮ ಸೇವೆಯನ್ನು ನಾವು ಮರೆತಿಲ್ಲ. ಈ ಚರಂಡಿಯಿಂದಾಗಿ ಓಣಿಯ ಮಕ್ಕಳು ಶಾಲೆಯ ಉದ್ದ ಜಿಗಿತದಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿದ್ದಾರೆ. ಬೇಡದ ನೆಂಟರು ಬರುವುದು ನಿಂತಿದೆ. ಎತ್ತಿದ ಚಪ್ಪಡಿಗಳಲ್ಲಿ ಎರಡು ಓಣಿಯ ಬಾಯಲ್ಲಿರುವ ಚಹಾದಂಗಡಿಯ ಮುಂದೆ ಆಸನವಾಗಿ ಸಾರ್ವಜನಿಕರಿಗೆ, ಮುಖ್ಯವಾಗಿ ದುರುಗಣ್ಣನಿಗೆ, ಉಪಯೋಗವಾಗುತ್ತಿವೆ. ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ಪುಟ ಹನ್ನೊಂದನ್ನು ಆರುನೂರು ಅಡಿ ಉದ್ದ, ಮೂರಡಿ ಅಗಲ, ಮನುಷ್ಯರ ಭಾರ ತಡೆಯುವಷ್ಟು ದಪ್ಪಕ್ಕೆ ಅಚ್ಚು ಹಾಕಿಸಿ ಕಳಿಸಿದರೆ ನಾವೇ ಹಾಸಿಕೊಳ್ಳುತ್ತೇವೆ. ಅದಾಗದಿದ್ದರೆ ಕಾಳವ್ವನ ತೊಡೆಯ ಮೂಳೆಗೆ ಒಂದು ತಿಳಿವಳಿಕೆ ಪತ್ರ ಕಳಿಸಿ, ತಾನು ಮುರಿದದ್ದು ದಾಖಲೆಗೆ ವಿರುದ್ಧವಾಗಿದೆ ಎಂದು ಅದಕ್ಕೆ ತಿಳಿಸಬೇಕು. ಸೊಳ್ಳೆಗಳಿಗೂ ಒಂದೊಂದು ಪ್ರತಿ ಹಂಚಿಸಿದರೆ ಉಪಕಾರ. ವಾಸಸ್ಥಾನ ರದ್ದಾದದ್ದು ಅವುಗಳಿಗೆ ಇನ್ನೂ ತಿಳಿದಿಲ್ಲ.

ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ಕಣವನ್ನು ಹಿಂದಕ್ಕೆ ಕೊಡಬೇಕೆಂದು ದುರುಗಣ್ಣ ಚಹಾದಂಗಡಿಯಲ್ಲಿ ಕುಳಿತು ಹೇಳಿದನಂತೆ. ಅವನಿಗೂ ಗೊತ್ತು, ತಮಗೂ ಗೊತ್ತು, ಉಡಿಗೆ ಬಿದ್ದದ್ದನ್ನು ಯಾವ ಮುತ್ತೈದೆಯೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವಳ ಮನೆಗೂ ಪಡೆದವಳ ಮನೆಗೂ ಶುಭವಲ್ಲ. ಅಲ್ಲಿಗೆ ನಾವು ಸಿಕ್ಕಿಬಿದ್ದೆವೆಂದು ತಾವು ತಿಳಿದಿರಬಹುದು. ಆದರೆ ಉಡಿ ತುಂಬಿದವಳನ್ನು ಕರೆದು ಮರಳಿ ಉಡಿ ತುಂಬಬೇಕೆಂಬುದೂ ಅದೇ ಪದ್ಧತಿಯಲ್ಲಿದೆ. ನಾನು ಕಳೆದ ಶುಕ್ರವಾರಕ್ಕೆ ಲಕ್ಷ್ಮೀದೇವಿಯವರನ್ನು ಕರೆದೆ. ಕಾಳವ್ವ ಹೊರಗೆ ಬರಲಾರಳಾದ್ದರಿಂದ ಅವಳ ಮನೆಯಲ್ಲೇ ಮಣೆ ಹಾಕಿದೆವು. ಸಹಿ ಹಾಕಿದ್ದ ಓಣಿಯ ಹೆಂಗಸರೂ ಸೇರಿದರು.

ತಾವು ಈಗ ವಾಸವಾಗಿರುವ ನಿಜಲಿಂಗಪ್ಪ ಬಡಾವಣೆಯಿಂದ ಅವರು ಕಾರಿನಲ್ಲಿ ಬಂದರು. ಕಾರು ಓಣಿಯ ಬಾಯಲ್ಲಿ ನಿಂತಿತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದು ಬಂದವರು ಹಲಗೆಯ ಮುಂದೆ ನಿಂತು, “ಅಂಜಿನಕ್ಕಾ, ಇದ್ರ ಮ್ಯಾಲೆ ಹೆಂಗ್ ಬರ್ಲಿ?” ಎಂದರು. ಒಳಗಿನಿಂದ ಕಾಳವ್ವ, “ಬರ್ರಿ ತಾಯಿ, ಹೆದರಬ್ಯಾಡ್ರಿ, ಪುಸ್ತಕದಾಗ ಮುಚ್ಚೈತೆ” ಎಂದಳು. ಲಕ್ಷ್ಮೀದೇವಿಯವರು ಒಂದು ಕೈ ನನಗೆ, ಒಂದು ಕೈ ಯಾಸ್ಮೀನಳಿಗೆ ಕೊಟ್ಟು ದಾಟಿದರು. ಹಲಗೆ ಎರಡು ಸಲ ಅಲುಗಿತು. ಒಳಗೆ ಬಂದವರು ಕಾಳವ್ವನ ಕಾಲು ನೋಡಿ, ಮಣೆಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕುಳಿತರು.

ಉಡಿ ತುಂಬಿದ ಮೇಲೆ ನಾನು ನನ್ನ ರಿಜಿಸ್ಟರ್ ತೆರೆದೆ. ತಮ್ಮದಕ್ಕೂ ನನ್ನದಕ್ಕೂ ಒಂದೇ ವ್ಯತ್ಯಾಸ. ನನ್ನದರಲ್ಲಿ ತಲೆಬರಹ ಮೊದಲೇ ಇತ್ತು. ‘ಹಳೇ ಭಟ್ಟಿ ಓಣಿಯ ಚರಂಡಿ ತೆರೆದಿದೆ. ಕಾಳವ್ವ ಅದರಲ್ಲಿ ಬಿದ್ದದ್ದು ನಿಜ. ಹಿಂದಿನ ಸಹಿಗಳು ಕುಬುಸದ ಕಣಕ್ಕೆ ಹಾಕಿದವು.’ ಓದು ಬಾರದವರಿಗಾಗಿ ಎರಡು ಸಲ ಗಟ್ಟಿಯಾಗಿ ಓದಿ, ಲಕ್ಷ್ಮೀದೇವಿಯವರಿಗೆ, ಮನಸ್ಸಿಲ್ಲದಿದ್ದರೆ ಸಹಿ ಬೇಡ, ಉಡಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವರು, “ದಾಟಿ ಬಂದಾಕಿ ನಾನು. ನಾನ್ ಹಾಕ್ದೆ ಇನ್ಯಾರ್ ಹಾಕ್ಬೇಕು? ಕೊಡ್ರಿ ಪೆನ್ನು” ಎಂದರು. ಮೊದಲ ಸಾಲನ್ನು ನಾನು ಅವರಿಗೆ ಬಿಟ್ಟುಕೊಟ್ಟೆ. ನಲವತ್ತಾರು ವರ್ಷದಲ್ಲಿ ಹಾಗೆ ಬಿಟ್ಟದ್ದು ಅದೊಂದೇ ಸಲ.

ಈ ದಿನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ರಿಜಿಸ್ಟರನ್ನು ನಲವತ್ತೆರಡು ಸಹಿಗಳೊಂದಿಗೆ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಗುಮಾಸ್ತ ಮೊದಲ ಹೆಸರು ಓದಿ ಕುರ್ಚಿಯಿಂದ ಎದ್ದ. ‘ವಿಲೇವಾರಿ’ ಎಂಬುದನ್ನು ಅವನೇ ಹೊಡೆದುಹಾಕಿದ.

ತಮ್ಮ ಪುಸ್ತಕದ ಪ್ರಕಾರ ಸಂತೃಪ್ತಳೂ, ಎಂದಿನಂತೆ ತಮ್ಮ ವಿಶ್ವಾಸಿಯೂ ಆದ
ಅಂಜಿನವ್ವ
ಮೂಲೆ ಮನೆ, ಹಳೇ ಭಟ್ಟಿ ಓಣಿ

ತಾ.ಕ.: ಲಕ್ಷ್ಮೀದೇವಿಯವರು ಆ ಹಲಗೆಯ ಮೇಲೆ ಇನ್ನೊಮ್ಮೆ ಕಾಲಿಡುವುದಿಲ್ಲವೆಂದು ಶುಕ್ರವಾರದಿಂದ ಕಾಳವ್ವನ ಮನೆಯಲ್ಲೇ ಇದ್ದಾರೆ. ಊಟ ತಿಂಡಿಗೆ ಕೊರತೆ ಮಾಡಿಲ್ಲ. ಮಂಡಕ್ಕಿ ಒಗ್ಗರಣೆ ಅವರಿಗೆ ಹಿಡಿಸಿದೆ. ಅವರ ಬಿ.ಪಿ. ಮಾತ್ರೆಗಳು ಹಾಸಿಗೆ ಪಕ್ಕದ ಕಪಾಟಿನ ಎರಡನೇ ಅರೆಯಲ್ಲಿವೆಯಂತೆ. ದುರುಗಣ್ಣನ ಕೈಯಲ್ಲಿ ಕಳಿಸಬೇಡಿ, ತಾವೇ ತಂದು ಒಳಗೆ ಬಂದು ಕೊಡಬೇಕೆಂದು ಹೇಳಿದ್ದಾರೆ.