ಕಾಕಾನ ಮೂಗು, ನಮ್ಮ ಪಾಡು

ನಮ್ಮ ಕಾಕಾನ ಎದುರಿಗೆ ಐದು ನಿಮಿಷ ನಿಂತು, ಮುಖ ತಿರುಗಿಸದೆ ಮಾತಾಡಿ ಬಂದವರು ಯಾರಾದರೂ ಇದ್ದರೆ ಹೇಳಿ, ಔರಾದ ಬಸ್ ನಿಲ್ದಾಣದಲ್ಲೇ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಇಷ್ಟು ವರ್ಷಗಳಲ್ಲಿ ಆ ಶಾಲು ಕೊಳ್ಳುವ ಪ್ರಸಂಗ ನನಗೆ ಬಂದಿಲ್ಲ.

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಔರಾದದಲ್ಲಿ ಶಾಲಾ ಮಾಸ್ತರರಾಗಿದ್ದು ನಿವೃತ್ತರಾದವರು. ಕೊಳಕು ಮನುಷ್ಯ ಅಂದುಕೊಳ್ಳಬೇಡಿ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತಾರೆ, ಇಸ್ತ್ರಿ ಇಲ್ಲದ ಅಂಗಿ ತೊಡುವುದಿಲ್ಲ. ಆದರೆ ಬಾಯಿ ತೆರೆದರೆ... ಹೇಗೆ ಹೇಳಲಿ? ಮಾತಿಗಿಂತ ಮೊದಲೇ ಇನ್ನೇನೋ ಬಂದು ನಮ್ಮನ್ನು ಮುಟ್ಟುತ್ತದೆ. ಅದರ ಮೇಲೆ ಅವರಿಗೆ ಯಾವ ಮಾತನ್ನೂ ದೂರದಿಂದ ಹೇಳಿ ಗೊತ್ತಿಲ್ಲ. ಭುಜದ ಮೇಲೆ ಕೈ ಹಾಕಿ, ಹತ್ತಿರ ಎಳೆದುಕೊಂಡು, ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ಗುಟ್ಟಿನಂತೆ ಹೇಳುತ್ತಾರೆ.

"ಜರಾ ಇಕಡಿ ಬಾ. ಯಾರಿಗೂ ಹೇಳಬ್ಯಾಡ. ಇವತ್ತ ಮಳಿ ಬರೂ ಹಂಗ ಅದ."

ಮೋಡ ಊರಿಗೆಲ್ಲ ಕಾಣುತ್ತಿದೆ, ಇದರಲ್ಲಿ ಗುಟ್ಟೇನು ಬಂತು ಎಂದು ಕೇಳಲು ಉಸಿರು ಬೇಕಲ್ಲ? ನಾವು ಉಸಿರು ಬಿಗಿಹಿಡಿದಿರುತ್ತೇವೆ!

ಬಸ್ಸಿನಲ್ಲಿ ಕಾಕಾನ ಪಕ್ಕದವರು ಅರ್ಧ ದಾರಿ ಕೂತರೆ ಹೆಚ್ಚು. ಆಮೇಲೆ ಎದ್ದು, ಕಂಬಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಒಮ್ಮೆ ಔರಾದದಿಂದ ಬೀದರಿಗೆ ಅವರ ಜೊತೆ ಹೊರಟಿದ್ದೆ. ಕಾಕಾ ಖಾಲಿಯಾದ ಸೀಟಿನ ಮೇಲೆ ಚೀಲ ಇಟ್ಟು, "ನೋಡು, ಈ ಕಾಲದಾಗೂ ಮಾಸ್ತರ ಅಂದ್ರ ಜನ ಎದ್ದು ನಿಲ್ತಾರ," ಎಂದರು.

ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಅವರೊಬ್ಬರಿಗೇ ಗೊತ್ತಿರಲಿಲ್ಲ. ಯಾಕೆಂದರೆ ಅವರ ಮೂಗು ಎಷ್ಟೋ ವರ್ಷಗಳಿಂದ ರಜೆಯ ಮೇಲಿತ್ತು! ಸದಾ ನೆಗಡಿ, ಹಣೆ ಭಾರ, ಉಸಿರಾಟವೆಲ್ಲ ಬಾಯಿಂದ. ಪಕ್ಕದ ಒಲೆಯ ಮೇಲೆ ಹಾಲು ಸೀದು ಕರಿಯಾಗಿ ಹೊಗೆ ಎದ್ದರೂ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ವಾಸನೆ ತಿಳಿಯದವರಿಗೆ ರುಚಿ ಎಲ್ಲಿಂದ ಬರಬೇಕು? ಎಲ್ಲವೂ ಸಪ್ಪೆ. ಅದಕ್ಕೆ ಅವರು ತಾವೇ ಕಂಡುಹಿಡಿದ ಉಪಾಯ ಬೆಳ್ಳುಳ್ಳಿ. ಬೆಳಿಗ್ಗೆ ತಿಂಡಿ ಇಲ್ಲ, ಬರೀ ಚಹಾ. ಮಧ್ಯಾಹ್ನ ಜೋಳದ ರೊಟ್ಟಿ, ಅದರ ಮೇಲೆ ಬೆಳ್ಳುಳ್ಳಿ ಖಾರದ ಗುಡ್ಡ, ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಮತ್ತೆ ಚಹಾ. ನೀರು? ಅದು ಸ್ನಾನಕ್ಕೆ!

ಅವರ ಬಾಯಿಂದ ಮನೆತನಕ್ಕೆ ಉಪಕಾರವೂ ಆಗಿದೆ, ಸುಳ್ಳು ಹೇಳಬಾರದು. ನನ್ನ ತಂಗಿಯ ಮದುವೆ ಮಾತುಕತೆಗೆ ಭಾಲ್ಕಿಗೆ ಹೋಗಿದ್ದೆವು. ಮದುವೆ ಭಾಲ್ಕಿಯಲ್ಲೇ ಆಗಬೇಕು ಎಂದು ಗಂಡಿನ ತಂದೆಯ ಹಟ. ಔರಾದದಲ್ಲೇ ಆಗಬೇಕು ಎಂದು ನಮ್ಮದು. ಒಂದು ತಾಸು ಎಳೆದಾಡಿದರೂ ಬಗೆಹರಿಯಲಿಲ್ಲ. ಆಗ ಕಾಕಾ ಎದ್ದು ಹೋಗಿ ಬೀಗರ ಪಕ್ಕದಲ್ಲಿ ಕೂತರು, ಭುಜದ ಮೇಲೆ ಕೈ ಹಾಕಿದರು, ಬಗ್ಗಿದರು.

"ಜರಾ ನನ್ನ ಮಾತು ಕೇಳ್ರಿ..."

"ಆಯ್ತ್ರಿ, ಆಯ್ತ್ರಿ! ಔರಾದದಾಗೇ ಮಾಡ್ರಿ!" ಎಂದು ಬೀಗರು ಎದ್ದು ಅಂಗಳಕ್ಕೇ ಹೋಗಿಬಿಟ್ಟರು.

ಕಾಕಾ ನಮ್ಮ ಕಡೆ ತಿರುಗಿ, "ಪ್ರೀತಿಲೇ ಹೇಳಿದ್ರ ಯಾರರೇ ಕೇಳ್ತಾರ," ಎಂದರು.

ಹೀಗೇ ನಡೆದಿರುತ್ತಿತ್ತೇನೋ. ಆದರೆ ಕಳೆದ ಬೇಸಿಗೆಯಲ್ಲಿ ಬೀದರಿನಿಂದ ಅವರ ಮೊಮ್ಮಗಳು ರಜೆಗೆ ಬಂದಳು. ಐದು ವರ್ಷದ ಹುಡುಗಿ. ಅಜ್ಜ ಎತ್ತಿಕೊಂಡು ಮುದ್ದಿಡಲು ಹೋದರೆ ಎರಡೂ ಕೈಯಿಂದ ಅವರ ಗಲ್ಲ ಹಿಡಿದು ಆಚೆ ತಳ್ಳಿ, ಮನೆ ತುಂಬ ಜನ ಕೂತಿರುವಾಗ, ಗಟ್ಟಿಯಾಗಿ ಹೇಳಿದಳು:

"ಅಜ್ಜಾ, ನಿನ್ನ ಬಾಯಿ ನಾರ್ಲತದ! ಎಲ್ಲಾರಿಗೂ ಗೊತ್ತದ!"

ಮೊದಲನೆಯ ಮಾತಿಗೆ ಕಾಕಾ ನಕ್ಕರು. ಎರಡನೆಯದಕ್ಕೆ ನಗು ನಿಂತಿತು. ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದರು. ನಾವೆಲ್ಲ ಗೋಡೆ, ಪಂಖ, ಕ್ಯಾಲೆಂಡರು ನೋಡಿದೆವು. ಅಷ್ಟೇ ಸಾಕಾಯಿತು. ಹುಡುಗಿಯನ್ನು ಮೆಲ್ಲಗೆ ಕೆಳಗಿಳಿಸಿ ಒಳಗೆ ಹೋದರು.

ಮರುದಿನದಿಂದ ಕಾಕಾ ಮಾತು ಬಿಟ್ಟರು! ಬಾಯಿಗೆ ಟವೆಲ್ ಸುತ್ತಿಕೊಂಡು, ತಮ್ಮ ಹಳೆಯ ಪಾಟಿಯನ್ನು ಹೊರತೆಗೆದು, ಬೇಕಾದ್ದನ್ನು ಬಳಪದಿಂದ ಬರೆದು ತೋರಿಸತೊಡಗಿದರು. "ಚಹಾ." "ಬ್ಯಾಡ." "ಬಾಗಿಲು ಹಾಕು." ನಾಲ್ಕನೆಯ ದಿನ ಅವರ ಹೆಂಡತಿ, ನಮ್ಮ ಕಾಕಿ, ನನಗೆ ಫೋನ್ ಮಾಡಿ ಕರೆಸಿಕೊಂಡರು. ನಾನು ಹೋದಾಗ ಕಾಕಾ ಮೂಲೆಯ ಕುರ್ಚಿಯಲ್ಲಿದ್ದರು, ಅಕ್ಷರ ತಪ್ಪಿ ಪೆಟ್ಟು ತಿಂದ ಹುಡುಗನ ಹಾಗೆ. ನನ್ನನ್ನು ಕಂಡವರೇ ಪಾಟಿಯ ಮೇಲೆ ದುಂಡಗೆ ಬರೆದು ಕಾಕಿಯ ಮುಂದೆ ಹಿಡಿದರು: "ನೀನರೇ ಯಾಕ ಹೇಳಲಿಲ್ಲ?"

ಕಾಕಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರ ನೀವು ಹಿಂಗೇ ಕೂಡ್ತೀರಿ ಅಂತ ಗೊತ್ತಿತ್ರಿ. ವಾಸನಿ ಹ್ಯಾಂಗರೇ ತಡ್ಕೋತೇನಿ. ನೀವು ಸುಮ್ಮ ಕೂತ್ರ ತಡ್ಕೊಳ್ಳಾಕ ಆಗಲ್ರಿ."

ಕಾಕಾ ಪಾಟಿ ಒರೆಸಿದರು. ಆಮೇಲೆ ಬರೆದರು: "ಡಾಕ್ಟರ್."

ಬೀದರಿಗೆ ಕರೆದುಕೊಂಡು ಹೋದೆ. ಮೊದಲು ಹಲ್ಲಿನ ಡಾಕ್ಟರು. ಅವರು ಎಲ್ಲ ನೋಡಿ, "ಹಲ್ಲು ಒಳ್ಳೇವು ಅವ ರಿ ಮಾಸ್ತರ. ತಪ್ಪು ಮೂಗಿಂದು ಕಾಣಸ್ತದ," ಎಂದು ಮೂಗಿನ ಡಾಕ್ಟರ ಬಳಿಗೆ ಕಳಿಸಿದರು. ಆಕೆ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಸಣ್ಣ ದೀಪ ಹಾಕಿ ಒಳಗೆಲ್ಲ ನೋಡಿ ಬಿಡಿಸಿ ಹೇಳಿದರು. ಹಣೆ, ಕೆನ್ನೆಯ ಒಳಗಿನ ಪೊಳ್ಳುಗಳಲ್ಲಿ ಕೀವು ಕಟ್ಟಿದೆ. ಅದು ಗಂಟಲ ಹಿಂದೆ ತೊಟ್ಟಿಕ್ಕಿ ನಾಲಿಗೆಯ ಬುಡದಲ್ಲಿ ಕೂಡುತ್ತದೆ. ಬಾಯಿಂದ ಉಸಿರಾಡಿ, ನೀರೂ ಕುಡಿಯದೆ ಬಾಯಿ ಒಣಗುತ್ತದೆ. ಇನ್ನು ಬೆಳ್ಳುಳ್ಳಿ, ಉಳ್ಳಾಗಡ್ಡಿಯ ವಾಸನೆ ರಕ್ತಕ್ಕೇ ಸೇರಿ ಉಸಿರಿನ ಜೊತೆ ಹೊರಬರುವುದರಿಂದ ಹಲ್ಲು ಎಷ್ಟುಜ್ಜಿದರೂ ಹೋಗುವುದಿಲ್ಲ.

ಕಾಕಾ ನಾಲ್ಕು ದಿನಗಳ ಮೌನ ಮುರಿದರು. ಟವೆಲ್ ಸರಿಸಿ, ಮೇಜಿನ ಮೇಲೆ ಬಗ್ಗಿ, ಗುಟ್ಟಾಗಿ ಕೇಳಿದರು: "ಬಳ್ಳೊಳ್ಳಿ ಪೂರಾ ಬಿಡಬೇಕೇನವ್ವಾ?"

ಡಾಕ್ಟರು ಮಾಸ್ಕ್ ಹಾಕಿದ್ದರು. ಆದರೂ ಕುರ್ಚಿ ಎರಡು ಗೇಣು ಹಿಂದೆ ಹೋಯಿತು.

"ಪೂರಾ ಬ್ಯಾಡ್ರಿ. ಆದ್ರ ಮುಂಜಾನಿ ನಾಷ್ಟಾ ಮಾಡ್ರಿ. ಚಹಾ ಕಮ್ಮಿ, ನೀರು ಜಾಸ್ತಿ. ನಾಲಿಗಿ ತಿಕ್ಕೋರಿ."

ಗುಳಿಗೆಗಳ ಜೊತೆಗೆ, ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯಬೇಕಿತ್ತು. ಒಂದು ಹೊಳ್ಳೆಯಿಂದ ಹಾಕಿದರೆ ಇನ್ನೊಂದರಿಂದ ಬರಬೇಕು. ಮೊದಲ ದಿನ ನೀರು ಎಲ್ಲಿ ಹೋಯಿತೋ ದೇವರೇ ಬಲ್ಲ, ಹೊರಗಂತೂ ಬರಲಿಲ್ಲ! ಮೂರನೆಯ ದಿನ ಧಾರೆ ಸರಿಯಾಗಿ ಹರಿಯಿತು. ಅಂಗಳದಲ್ಲಿ ಬಗ್ಗಿ ನಿಂತವರನ್ನು ಕಂಡ ಪಕ್ಕದ ಮನೆಯವರು, "ಮಾಸ್ತರ ಯೋಗ ಸುರು ಮಾಡ್ಯಾರ," ಎಂದು ಓಣಿಗೆಲ್ಲ ಹೇಳಿದರು. ವಾರದಲ್ಲಿ ಇಬ್ಬರು ಶಿಷ್ಯರೂ ಬಂದರು!

ಎರಡು ತಿಂಗಳಲ್ಲಿ ಬಾಯಿ ಸುಧಾರಿಸಿತು. ಅದಕ್ಕಿಂತ ದೊಡ್ಡ ಅನಾಹುತವೆಂದರೆ ಮೂಗು ಕೆಲಸಕ್ಕೆ ಮರಳಿತು! ಕಾಕಾ ಮನೆ ಮನೆ ಮೂಸತೊಡಗಿದರು. "ಈ ಚಾದರ ಮುಗ್ಗಲ ನಾರ್ಲತದ." "ನಿನ್ನ ಕಾಲಿನ ಮೋಜಾ ತೊಳಿಯೋ ಮಾರಾಯಾ." ಓಣಿಯ ಒಬ್ಬ ಗೆಳೆಯರನ್ನಂತೂ ಬಾಗಿಲಲ್ಲೇ ತಡೆದು, "ಒಮ್ಮಿ ಮೂಗಿನ ಡಾಕ್ಟರಿಗೆ ತೋರಸ್ರಿ," ಎಂದರಂತೆ. ಯಾರು, ಯಾರಿಗೆ ಹೇಳುವ ಮಾತಪ್ಪಾ ಇದು!

ಕೊನೆಯ ತಪಾಸಣೆ ಮುಗಿಸಿ ಬೀದರಿನಿಂದ ನಾವು ಮೂವರೂ ಬಸ್ಸಿನಲ್ಲಿ ಮರಳುತ್ತಿದ್ದೆವು. ಕಾಕಾ, ಕಾಕಿ ಮುಂದಿನ ಸೀಟು, ನಾನು ಹಿಂದೆ. ಕಿಟಕಿಯ ಗಾಳಿಗೆ ಕಾಕಿಯ ತಲೆಯ ಮೇಲಿನ ಸೆರಗು ಜಾರಿತು. ಕಾಕಾ ಮಾತು ನಿಲ್ಲಿಸಿ ಅವರ ಕಡೆ ಬಗ್ಗಿದರು. ಇನ್ನೇನೋ ದೂರು ಬಂತು ಎಂದುಕೊಂಡೆ.

"ಮೆಂತೆ ಹಾಕಿ ಕಾಸಿದ ಎಣ್ಣಿ ಏನು ಇದು?"

"ಹೌದ್ರಿ. ಯಾಕ್ರಿ, ನಾರ್ತದೇನು?"

"ಮದುವ್ಯಾದ ಹೊಸದಾಗ ಹಚ್ಚತಿದ್ದೆಲ್ಲಾ, ಅದೇನು?"

"ಅದೇ ರಿ. ಮನ್ಯಾಗೇ ಕಾಸ್ತೇನಿ. ಒಂದು ವಾರಾನೂ ಬಿಟ್ಟಿಲ್ಲ."

ಕಾಕಾ ಮೂಗು ಒರೆಸಿಕೊಂಡರು. ಆ ದಿನ ಅವರಿಗೆ ನೆಗಡಿ ಇರಲಿಲ್ಲ.

"ನೀ ಹಚ್ಚೂದು ಬಿಟ್ಟಿ ಅಂದ್ಕೊಂಡಿದ್ದೆ," ಎಂದರು. "ನನ್ನ ಮ್ಯಾಲ ಬ್ಯಾಸರಾಗಿ ಬಿಟ್ಟಿ ಅಂದ್ಕೊಂಡಿದ್ದೆ."