ಎವಾರಿಸ್ತೊ ತುದಿ ಮುಟ್ಟಿದ್ದು

ಇದಕ್ಕೆಲ್ಲ ಕಾರಣ ಇಲಾರಿಯೊನ ನಾಲಿಗೆ. ಸಭಾಮನೆಯಲ್ಲಿ ಎಲ್ಲರೂ ಮೆಕ್ಕೆಜೋಳದ ಹೆಂಡ ಚಿಚಾ ಹೀರುತ್ತ ಕೂತಿದ್ದಾಗ ಅವನು ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದ. ತನ್ನ ಹೆಸರನ್ನು ಎರಡು ಸಲ ಓದಿದ. ಆಮೇಲೆ ಪಕ್ಕದ ಮನೆಯ ಎವಾರಿಸ್ತೊ ಕುಟಿಪಾನ ಕಡೆ ತಿರುಗಿ, "ನಿಮ್ಮನೇಲಿ ಗಂಡಸ್ರು ಹುಟ್ಟೋದು ನಿಮ್ಮ ತಾತಂಗೇ ನಿಂತೋಯ್ತೇನೋ ಮಾರಾಯ?" ಎಂದ.

ಕೊಲ್ಯಾಪಾಟಾ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಗಸ್ಟ್ ಒಂದು ಎಂದರೆ ಭೂತಾಯಿ ಹಸಿದು ಬಾಯಿ ತೆರೆಯುವ ದಿನ. ಅಂದು ಊರಿನ ಒಬ್ಬನು ಅಪು ಸುಲ್ಕಾರಿ ಬೆಟ್ಟದ ತುದಿಗೆ ಹೋಗಿ, ಬೆಟ್ಟದಪ್ಪನಿಗೆ ಎಡೆ ಇಟ್ಟು, ಕೆಂಪು ಪೊಂಚೊ ಕಂಬಳಿ ಬೀಸಬೇಕು. ಇಗರ್ಜಿಯ ಗೋಪುರದಲ್ಲಿ ದುರ್ಬೀನು ಹಿಡಿದು ಕೂತವರು ಕೆಂಪು ಕಂಡ ಕೂಡಲೇ ಗಂಟೆ ಹೊಡೆಯುತ್ತಾರೆ, ಗಂಟೆಯಾದ ಮೇಲೆಯೇ ಚಿಚಾದ ಮಡಕೆಯ ಬಾಯಿ ಬಿಚ್ಚುತ್ತಾರೆ. ಹತ್ತಿದವನ ಹೆಸರು ಸಭಾಮನೆಯ ಗೋಡೆಗೆ ಏರುತ್ತದೆ. ಗೋಡೆಯ ಮೊಟ್ಟಮೊದಲ ಹೆಸರೇ ಪ್ಲಾಸಿದೊ ಕುಟಿಪಾ, ಎವಾರಿಸ್ತೊನ ತಾತ. ಆಮೇಲೆ ಆ ಮನೆಯವರು ಒಬ್ಬರೂ ಇಲ್ಲ. ಅಪ್ಪನಿಗೆ ಜೀವಮಾನವಿಡೀ ಮಂಡಿನೋವು. ಎವಾರಿಸ್ತೊಗೆ ಜುಲೈ ಮುಗಿಯುವ ಹೊತ್ತಿಗೆ ಎಲ್ಲಾದರೊಂದು ಕಡೆ ನೋವು ಶುರುವಾಗುತ್ತಿತ್ತು.

"ಈ ಸಲ ನಾನೇ ಹೋಗ್ತೀನಿ," ಎಂದುಬಿಟ್ಟ ಎವಾರಿಸ್ತೊ. ಆಡಿದ ಮಾತನ್ನು ವಾಪಸು ನುಂಗಲು ನೋಡುವಷ್ಟರಲ್ಲಿ ಊರ ಮುಖ್ಯಸ್ಥ ದೋನ್ ನಿಕಾನೋರ್ ಅದನ್ನು ಪುಸ್ತಕದಲ್ಲಿ ಬರೆದು ಠಸ್ಸೆ ಒತ್ತಿಯಾಗಿತ್ತು.

ಆಗಸ್ಟ್ ಒಂದರ ನಸುಕಿನಲ್ಲಿ ಊರಿಗೆ ಊರೇ ಅವನ ಬಾಗಿಲಿಗೆ ಬಂತು. ಬೆಟ್ಟದಪ್ಪನಿಗೆ ಎಲ್ಲರದೂ ಒಂದೊಂದು ಕೋರಿಕೆ, ಕೋರಿಕೆಗೊಂದು ಗಂಟು. ಒಬ್ಬಳು ಲಾಮಾ ಪ್ರಾಣಿಯ ಕೊಬ್ಬಿನಲ್ಲಿ ಮಾಡಿದ ಗೊಂಬೆ ಕೊಟ್ಟಳು, ಇನ್ನೊಬ್ಬ ಎರಡು ಸೀಸೆ ಚಿಚಾ ಕೊಟ್ಟ. ಮಗಳ ಮದುವೆ ಕುದುರಲೆಂದು ಒಬ್ಬಾತ ಸಿಮೆಂಟಿನ ಪುಟ್ಟ ಮನೆಯನ್ನೇ ಮಾಡಿಸಿ ತಂದಿದ್ದ. ಇಲಾರಿಯೊ ಬರಿಗೈಯಲ್ಲಿ ಬಂದು, ಯಾವ ತಿರುವಿನಲ್ಲಿ ತಲೆ ಸುತ್ತುತ್ತದೆ, ಎಲ್ಲಿ ವಾಂತಿಯಾಗುತ್ತದೆ ಎಂಬುದನ್ನೆಲ್ಲ ವಿವರವಾಗಿ ಹೇಳಿಕೊಟ್ಟ. ಅಜ್ಜಿ ಯುಲಾಲಿಯಾ ಮೊಮ್ಮಗನ ಕಿಸೆಗೆ ದಾರಿಯಲ್ಲಿ ಜಗಿಯಲೆಂದು ಒಂದು ಹಿಡಿ ಕೋಕಾ ಎಲೆ ತುರುಕಿದಳು.

ಮೇಲಿನ ಲಾಮಾ ದೊಡ್ಡಿಯ ತನಕ ಮಿನಿ ಲಾರಿ, ಅಲ್ಲಿಂದಾಚೆ ಕಾಲೇ ಗತಿ. ಬೂದಿಮಣ್ಣಿನಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತಿತ್ತು. ಇಲಾರಿಯೊ ಹೇಳಿದ ತಿರುವಿನಲ್ಲೇ ತಲೆ ಸುತ್ತಿತು, ಅವನು ಹೇಳಿದ ಬಂಡೆಯ ಹತ್ತಿರವೇ ವಾಂತಿಯಾಯಿತು. ಅದು ಎವಾರಿಸ್ತೊಗೆ ವಾಂತಿಗಿಂತ ಹೆಚ್ಚು ಸಂಕಟ ಕೊಟ್ಟಿತು. ಸಿಮೆಂಟಿನ ಮನೆ ಬೆನ್ನಿಗೆ ಚುಚ್ಚುತ್ತಿತ್ತು. ಆ ಹುಡುಗಿ ಮದುವೆಯಾಗದೆ ಉಳಿದರೂ ಚಿಂತೆಯಿಲ್ಲ ಅನ್ನಿಸಿದರೂ ಅದನ್ನು ಎಸೆಯಲಿಲ್ಲ. ತಾತನನ್ನು ನೆನೆದು ಹತ್ತಿದ.

ಹನ್ನೊಂದು ಗಂಟೆಗೆ ತುದಿ ಬಂತು. ಪೊಂಚೊ ಬಿಚ್ಚುವ ಮೊದಲು ಎಡೆ ಇಡೋಣವೆಂದು, ಗಾಳಿ ತಪ್ಪಿಸಿಕೊಳ್ಳಲು ಬಂಡೆಯ ಹಿಂದಕ್ಕೆ ಹೋದವನು ಅಲ್ಲೇ ಬಾಯಿ ಬಿಟ್ಟು ನಿಂತ. ಎದುರಿಗೆ ದೊಡ್ಡ ಬಾಣಲೆಯಂಥ ಹಳದಿ ಮಣ್ಣಿನ ಕುಳಿ, ಅದರಾಚೆ ಇನ್ನೊಂದು ತುದಿ. ಇದಕ್ಕಿಂತ ಎತ್ತರ. ಅದರ ನೆತ್ತಿಯ ಮೇಲೆ ಕಲ್ಲಿನ ಗೋಡೆಗಳು.

ಊರಿಗೆ ಕಾಣುವುದು ಬೆಟ್ಟದಪ್ಪನ ಭುಜ. ತಲೆ ಹಿಂದೆ ಅಡಗಿತ್ತು. ಗಂಟೆ ಕೇಳಿದ ಕೂಡಲೇ ಚಿಚಾ ನೆನಪಾಗಿ ಇಳಿದು ಓಡುವವರು ಬಂಡೆಯ ಹಿಂದೆ ಯಾಕೆ ಹೋಗುತ್ತಾರೆ? ಇಲ್ಲಿಂದ ಬೀಸಿದರೆ ಬೆಟ್ಟದಪ್ಪನಿಗೇ ಸುಳ್ಳು ಹೇಳಿದಂತೆ ಎಂದುಕೊಂಡು ಎವಾರಿಸ್ತೊ ಗಂಟು ಹೊತ್ತು ಮುಂದೆ ನಡೆದ.

ಎರಡು ತಾಸು ಹಿಡಿಯಿತು. ಕೊನೆಗೆ ಮಂಡಿಯೂರಿಯೇ ಮೇಲೆ ಬಂದ. ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳು ಐನೂರು ವರ್ಷದ ಗಾಳಿಗೂ ಜಗ್ಗಿರಲಿಲ್ಲ. ಮರವೇ ಇಲ್ಲದ ಈ ಎತ್ತರಕ್ಕೆ ಹೊತ್ತು ತಂದ ಸೌದೆ ಒಂದು ಮೂಲೆಯಲ್ಲಿ ಇನ್ನೂ ಒಟ್ಟಿದಂತೆಯೇ ಇತ್ತು. ಬೂಟಿಲ್ಲದ, ಲಾರಿಯಿಲ್ಲದ ನಮ್ಮ ಇಂಕಾ ಹಿರೀಕರು ಇಲ್ಲಿಗೆ ಬಂದು ಮನೆ ಕಟ್ಟಿದ್ದರಲ್ಲ ಎಂದು ಅವನ ಎದೆ ತುಂಬಿ ಬಂತು. ಜೋರಾಗಿ ಅತ್ತ. ಎಡೆ ಇಟ್ಟ, ಸಿಮೆಂಟಿನ ಮನೆಯನ್ನೂ ಮರ್ಯಾದೆಯಿಂದ ಇಟ್ಟ. ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡ.

ವಾಪಸು ಬರುವಾಗ ಭುಜದ ಮೇಲೆ ಒಂದು ಗಳಿಗೆ ನಿಂತ. ಇಲ್ಲಿ ಬೀಸಿದರೂ ಸಾಕು, ಗಂಟೆ ಹೊಡೆಯುತ್ತಾರೆ. ಆದರೆ ಇಂಕಾ ನಿಂತ ಜಾಗದಲ್ಲಿ ನಿಂತು ಬಂದವನು ಇಲಾರಿಯೊ ಕುಣಿದ ಜಾಗದಲ್ಲಿ ನಿಂತು ಬಟ್ಟೆ ಬೀಸುವುದೇ? ಪೊಂಚೊ ಮಡಚಿಯೇ ಇಟ್ಟುಕೊಂಡು ಇಳಿದ. ಗೋಡೆಯ ಮೇಲೆ ಇಲಾರಿಯೊನ ಹೆಸರಿಗೆ ಸುಣ್ಣ ಬಳಿಯುವ ಚಿತ್ರ ದಾರಿಯುದ್ದಕ್ಕೂ ಅವನ ಕಣ್ಣಿಗೆ ಕಟ್ಟಿತ್ತು.

ಸಂಜೆ ಸಭಾಮನೆ ತುಂಬಿತ್ತು. ಗಂಟೆ ಹೊಡೆದಿರಲಿಲ್ಲವಾದ್ದರಿಂದ ಚಿಚಾದ ಮಡಕೆಯ ಬಾಯಿ ಇನ್ನೂ ಕಟ್ಟಿಯೇ ಇತ್ತು. ಎಲ್ಲರಿಗೂ ಅದೇ ಸಿಟ್ಟು.

"ಬೆಳಗ್ಗಿಂದ ದುರ್ಬೀನು ಹಿಡ್ಕೊಂಡು ಕಣ್ಣು ಬಾತೋಯ್ತು. ಒಂದು ನೊಣಾನೂ ಕಾಣ್ಲಿಲ್ಲ," ಎಂದ ಇಲಾರಿಯೊ.

"ಹೆಂಗೆ ಕಾಣುತ್ತೆ? ನಾವು ತುದಿ ಅಂದ್ಕೊಂಡಿರೋದು ತುದೀನೇ ಅಲ್ಲ," ಎಂದ ಎವಾರಿಸ್ತೊ ಎದೆ ಸೆಟೆಸಿ. "ನಿಜವಾದ್ದು ಅದರ ಹಿಂದೈತೆ. ನಾನು ಅಲ್ಲಿಗೇ ಹೋಗಿದ್ದೆ."

ದೋನ್ ನಿಕಾನೋರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಪ್ಪಾ, ಯೋಚ್ನೆ ಮಾಡಿ ಹೇಳು. ನೀನು ಹೇಳೋದು ನಿಜ ಆದ್ರೆ ಈ ಗೋಡೇಲಿರೋರು ಯಾರೂ ತುದಿ ಮುಟ್ಟಿಲ್ಲ ಅಂತಾಯ್ತು. ಎಲ್ಲಾ ಅಳಿಸ್ಬೇಕು. ಮೇಲಿಂದಾನೇ ಶುರು ಮಾಡ್ಬೇಕು."

ಎವಾರಿಸ್ತೊ ಮೇಲೆ ನೋಡಿದ. ಪ್ಲಾಸಿದೊ ಕುಟಿಪಾ.

ದಾರಿಯುದ್ದಕ್ಕೂ ಇಲಾರಿಯೊನ ಹೆಸರಿಗೆ ಸುಣ್ಣ ಬಳಿದವನಿಗೆ ಇದೊಂದು ಹೊಳೆದೇ ಇರಲಿಲ್ಲ. ಸತ್ತು ಇಪ್ಪತ್ತು ವರ್ಷವಾದ ತಾತನನ್ನು ಇಡೀ ಊರಿನ ಮುಂದೆ ಸುಳ್ಳುಗಾರನನ್ನಾಗಿ ಮಾಡುವುದೇ? ಕಿಸೆಯಿಂದ ಮೊಬೈಲು ತೆಗೆದ. ಫೋಟೊವನ್ನು ಒಂದು ಸಲ ಕಣ್ತುಂಬ ನೋಡಿದ. ಅಳಿಸಿದ.

"ತಲೆ ಸುತ್ತಿ ಏನೇನೋ ಕಂಡಿರ್ಬೇಕು," ಎಂದ. "ನಾನು ತುದಿ ಮುಟ್ಲಿಲ್ಲ."

ಆಮೇಲೆ ಎದ್ದ ನಗುವನ್ನು ಬರೆಯುವುದು ಬೇಡ. ಮುಟ್ಟಲಿಲ್ಲ ಎಂಬುದನ್ನೂ ದೋನ್ ನಿಕಾನೋರ್ ಪುಸ್ತಕದಲ್ಲಿ ಬರೆದು ಠಸ್ಸೆ ಒತ್ತಿದರು. ಎವಾರಿಸ್ತೊ ಮಾತ್ರ ತಲೆ ತಗ್ಗಿಸಲಿಲ್ಲ. ತಾತನ ಮಾನ ಉಳಿಸಿದೆ ಎಂಬ ಹೆಮ್ಮೆಯಲ್ಲಿ ನೆಟ್ಟಗೆ ನಡೆದು ಮನೆಗೆ ಬಂದ.

ಅಜ್ಜಿ ಒಲೆಯ ಮುಂದೆ ಚುನ್ಯೊ ಗಡ್ಡೆ ಬೇಯಿಸುತ್ತಿದ್ದಳು. ಅವನ ಬೂಟಿಗೆ ಮೆತ್ತಿದ ಹಳದಿ ಮಣ್ಣನ್ನು ನೋಡಿ ಮುಖ ಅರಳಿಸಿದಳು.

"ಹಿಂದಿನ ತುದೀಗೂ ಹೋಗ್ಬಂದ್ಯಾ ಮಗಾ? ಆ ಗೋಡೆಗಳು ಇನ್ನೂ ನೆಟ್ಟಗಿದಾವಾ?"

ಬೂಟು ಬಿಚ್ಚುತ್ತಿದ್ದ ಎವಾರಿಸ್ತೊ ತಲೆ ಎತ್ತಿದ. "ನಿಂಗೆ ಹೆಂಗೆ ಗೊತ್ತಜ್ಜಿ?"

"ನಿಮ್ಮ ತಾತ ಹೇಳಿದ್ರಲ್ಲ. ಅವ್ರೂ ಮೊದ್ಲು ಅಲ್ಲಿಗೇ ಹೋಗಿ ಎಡೆ ಇಟ್ಟು ಬಂದ್ರು. ಆ ಸೌದೆ ನೋಡಿ ಅತ್ತುಬಿಟ್ರಂತೆ. ಉಳಿದೋರ ಕೈಲಿ ಅಷ್ಟು ದೂರ ಆಗಲ್ಲ, ಪಾಪ, ಅವ್ರ ಮನಸ್ಯಾಕೆ ನೋಯಿಸೋದು ಅಂತ ಊರಲ್ಲಿ ಬಾಯಿ ಬಿಡ್ಲಿಲ್ಲ."

"ಮತ್ತೆ ಪೊಂಚೊ?"

"ವಾಪಸ್ ಬರ್ತಾ ಈಚೆ ತುದೀಲಿ ನಿಂತು ಬೀಸಿದ್ರು," ಎಂದು ಅಜ್ಜಿ ಗಡ್ಡೆಯೊಂದನ್ನು ತಟ್ಟೆಗೆ ಹಾಕಿದಳು. "ನೀನೂ ಹಂಗೇ ಮಾಡಿದ್ಯಲ್ಲ? ಗಂಟೆ ಯಾಕೋ ನಂಗೆ ಕೇಳಿಸ್ಲೇ ಇಲ್ಲ."