ಸ್ಕಾರೋಥ್ವೇಟ್ ವಂಶೋದ್ಧಾರ

ನೆಂಟಸ್ತಿಕೆ ಹುಡುಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯೋಕೋಹಾಮಾದಲ್ಲಂತೂ ಇಲ್ಲ. ಯಾವ ಕನ್ನಡಿಗನನ್ನಾದರೂ ನನ್ನ ಮುಂದೆ ಕೂರಿಸಿ. ಯಾವೂರು, ಯಾರ ಮನೆ, ತಾಯಿ ಕಡೆಯವರು ಎಲ್ಲಿಯವರು ಎಂದು ಕೇಳುತ್ತಾ ಹೋಗಿ, ಕಾಫಿ ಆರುವುದರೊಳಗೆ ಅವನನ್ನು ನನ್ನ ಷಡ್ಡಕನ ಭಾವಮೈದುನನನ್ನಾಗಿ ಮಾಡಿಬಿಡುತ್ತೇನೆ. ಒಮ್ಮೆ ಟೋಕಿಯೋದಲ್ಲಿ ನಮ್ಮವರೇ ಹೆಚ್ಚಿರುವ ನಿಶಿ ಕಸಾಯಿಯ ದಿನಸಿ ಅಂಗಡಿಯಲ್ಲಿ ಹುಣಸೆಹಣ್ಣು ಆರಿಸುತ್ತಿದ್ದ ಅಪರಿಚಿತನೊಬ್ಬನನ್ನು ಹೀಗೆಯೇ ಹಿಡಿದು, ಅವನು ನನ್ನ ಹೆಂಡತಿಯ ದೊಡ್ಡಮ್ಮನ ಸೊಸೆಯ ತಮ್ಮ ಎಂದು ರುಜುವಾತು ಮಾಡಿದ್ದೆ. ಅವನು ಅಂದಿನಿಂದ ಆ ಅಂಗಡಿಗೆ ಬರುವುದನ್ನೇ ಬಿಟ್ಟ.

ಇಷ್ಟು ವಿದ್ಯೆ ಇದ್ದರೂ ನನಗೆ ಸ್ವಂತಕ್ಕೊಂದು ಮನೆತನದ ಹೆಸರಿಲ್ಲ. ಮೈಸೂರಿನಲ್ಲಿ ನಾನು ಎನ್. ಸತೀಶ. ಎನ್ ಎಂದರೆ ನಂಜಪ್ಪ, ನಮ್ಮ ತಂದೆ. ಜಪಾನಿನಲ್ಲಿ ಮನುಷ್ಯನನ್ನು ಮನೆತನದ ಹೆಸರು ಹಿಡಿದೇ ಕರೆಯಬೇಕು. ಪಾಸ್‌ಪೋರ್ಟಿನಲ್ಲಿ ಆ ಜಾಗ ತುಂಬಿದ್ದು ಅಪ್ಪನ ಹೆಸರಾದ್ದರಿಂದ ಇಲ್ಲಿ ನಾನು ನಂಜಪ್ಪ ಸಾನ್, ಎಂದರೆ ನಂಜಪ್ಪನವರು. ಅಪ್ಪ ಪಿ.ಟಿ. ಮೇಷ್ಟ್ರಾಗಿದ್ದವರು. ಬದುಕಿದ್ದಷ್ಟು ಕಾಲ ಯಾವ ಕೆಲಸಕ್ಕೂ ತಡಮಾಡಿದವರಲ್ಲ. ಬೀದಿಯಲ್ಲಿ ಯಾರು ತೀರಿಕೊಂಡರೂ, ಯಾರ ಪೈಕಿ ಎಂದು ಕೇಳದೆ, ಮೊದಲು ಹೋಗಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದವರು ಅವರು. ಅಂಥವರು ಸತ್ತ ಮೇಲೆ ಪ್ರತಿ ಸೋಮವಾರ ನನ್ನ ಮ್ಯಾನೇಜರ್ ಕೈಲಿ ಬೈಸಿಕೊಳ್ಳುತ್ತಿದ್ದಾರೆ. "ನಂಜಪ್ಪ ಸಾನ್, ವರದಿ ಇನ್ನೂ ಬಂದಿಲ್ಲ."

ಇದು ಕೊರೊನಾ ಸೋಂಕಿನ ಎರಡನೆಯ ವರ್ಷದ ಮಾತು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ನನ್ನದು ಗುಣಮಟ್ಟ ವಿಭಾಗ. ಎಲ್ಲೋ ಒಂದು ಬೋಲ್ಟು ಮುರಿದರೆ, ಅದು ಯಾವ ಕುಲುಮೆಯಲ್ಲಿ ಯಾವ ಪಾಳಿಯಲ್ಲಿ ಹುಟ್ಟಿತು ಎಂದು ಮೂಲ ಹುಡುಕುವುದು ನನ್ನ ಕೆಲಸ. ಆಗ ಆ ಕೆಲಸವೂ ಊಟದ ಮೇಜಿನ ಮೇಲೆಯೇ ನಡೆಯುತ್ತಿತ್ತು. ಹೆಂಡತಿ ವಸುಧಾ ಮೇಜಿನ ಆ ತುದಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಊರಿಗೆ ಹೋಗುವಂತಿಲ್ಲ, ಊರಿಂದ ಯಾರೂ ಬರುವಂತಿಲ್ಲ. ಫೋನು ಬಂದರೆ ಯಾರದು ಎಂದು ನೋಡುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು.

ಪಕ್ಕದ ಮನೆಯವರು ಸ್ಕಾರೋಥ್ವೇಟ್ ಎಂಬ ಇಂಗ್ಲಿಷ್ ಮುದುಕರು. ಬಹಳ ವರ್ಷಗಳ ಹಿಂದೆ ಮೇಷ್ಟ್ರಾಗಿ ಬಂದು, ಫುಮಿಕೋ ಎಂಬುವರನ್ನು ಮದುವೆಯಾಗಿ ಇಲ್ಲೇ ನಿಂತವರು. ಮಕ್ಕಳಿರಲಿಲ್ಲ. ವಸುಧಾ ಅವರ ಹೆಸರನ್ನು ಕತ್ತರಿಸಿ "ಸ್ಕಾರೋ ತಾತ" ಮಾಡಿಕೊಂಡಿದ್ದಳು. ನಾವು ಹೊಸದಾಗಿ ಬಂದಾಗ, ಯಾವ ಕಸವನ್ನು ಯಾವ ವಾರ ಹೊರಗಿಡಬೇಕು ಎಂದು ವಸುಧಾಳಿಗೆ ಕೈಹಿಡಿದು ಕಲಿಸಿದವರು ಫುಮಿಕೋ. ಇಲ್ಲಿನ ಕಾನೂನಿನಲ್ಲಿ ಹೆಂಡತಿ ವಿದೇಶಿ ಗಂಡನ ಹೆಸರು ತೆಗೆದುಕೊಳ್ಳಲೇಬೇಕೆಂದಿಲ್ಲ. ಆಕೆ ತವರಿನವರ ಮುನಿಸನ್ನು ಕಟ್ಟಿಕೊಂಡು, ಬೇಕೆಂದೇ ತೆಗೆದುಕೊಂಡಿದ್ದರಂತೆ. ಆಸ್ಪತ್ರೆಯಲ್ಲಿ ನರ್ಸು "ಸು-ಕಾ-ರೋ-ಸು..." ಎಂದು ತಡವರಿಸಲು ಶುರುಮಾಡಿದ ಕೂಡಲೇ ಆಕೆ ಎದ್ದು ನಿಲ್ಲುತ್ತಿದ್ದರು. ಪೂರ್ತಿ ಹೇಳಿ ಮುಗಿಸಿದ ನರ್ಸನ್ನು ನಾವ್ಯಾರೂ ಕಂಡಿಲ್ಲ.

ಆ ಚಳಿಗಾಲದಲ್ಲಿ ಫುಮಿಕೋ ಆಸ್ಪತ್ರೆಗೆ ಹೋದವರು ಬರಲಿಲ್ಲ. ತಾತನನ್ನು ಒಳಗೆ ಬಿಡಲಿಲ್ಲ. ಕೊನೆಗೆ ಮನೆಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ, ಅದರೊಳಗೆ ಆಕೆಯ ಅಸ್ಥಿ.

ಒಂದು ದಿನ ಮಧ್ಯಾಹ್ನ ತಾತ ಬಿಸ್ಕತ್ತಿನ ಡಬ್ಬ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮಾಸ್ಕ್ ಹಾಕಿಕೊಂಡು, ಹೊಸ್ತಿಲಿಂದ ದೂರದಲ್ಲೇ ನಿಂತರು.

"ಬಂದರು ಕಾಣುವ ಗುಡ್ಡದ ಮೇಲಿನ ಸ್ಮಶಾನದಲ್ಲಿ ಜಾಗ ಇದೆ. ಫುಮಿಕೋಗೆ ಅಲ್ಲಿ ಕಲ್ಲು ಹಾಕಿಸಿ, ಮೇಲೆ ನಮ್ಮ ಮನೆತನದ ಹೆಸರು ಕೆತ್ತಿಸಬೇಕು ಅಂತ ಆಸೆ. ಅವಳಿಗೆ ಆ ಹೆಸರು ಇಷ್ಟ," ಎಂದರು. "ಆದರೆ ನನ್ನ ನಂತರ ಆ ಸಮಾಧಿ ನೋಡಿಕೊಳ್ಳುವವರು ಯಾರಾದರೂ ಬೇಕಂತೆ. ಇಲ್ಲದಿದ್ದರೆ ಜಾಗ ಕೊಡುವುದಿಲ್ಲವಂತೆ. ನನ್ನ ಹೆಸರಿನವರು ಇಲ್ಲಿ ಯಾರೂ ಇಲ್ಲ, ನಂಜಪ್ಪ ಸಾನ್."

"ಅಷ್ಟೇ ತಾನೇ? ಅದನ್ನು ನನಗೆ ಬಿಡಿ ಸರ್."

ತಾತನ ಕಣ್ಣು ತುಂಬಿತು. "ನಿಜವಾಗಿ? ಇದು ಕೇಳಬಾರದಷ್ಟು ದೊಡ್ಡ ಉಪಕಾರ. ವಸುಧಾ ಸಾನ್ ಅವರನ್ನೂ ಒಂದು ಮಾತು ಕೇಳಬೇಕಲ್ಲವೇ?"

"ಅವಳನ್ನೇನು ಕೇಳುವುದು ಸರ್, ಇದು ನನಗೆ ನೀರು ಕುಡಿದಷ್ಟು ಸುಲಭ."

ಅವರು ಬಹಳ ಹೊತ್ತು ಬಗ್ಗಿ ನಮಸ್ಕಾರ ಮಾಡಿದರು. ನಾನು ಬಿಸ್ಕತ್ತು ತಿನ್ನುತ್ತಾ ಲ್ಯಾಪ್‌ಟಾಪ್ ತೆರೆದೆ.

"ಏನಂತೆ ತಾತಂಗೆ?" ವಸುಧಾ ಕೇಳಿದಳು.

"ಅವರ ವಂಶದವರನ್ನ ಹುಡುಕಿಕೊಡ್ಬೇಕಂತೆ. ಸ್ಕಾರೋಥ್ವೇಟ್‌ಗಳು ಪ್ರಪಂಚದಲ್ಲಿ ಎಲ್ಲೆಲ್ಲಿದಾರೆ ಅಂತ."

"ಹಾಗಂದ್ರಾ ಅವರು?"

"ಅನ್ನದಿದ್ರೆ ಅರ್ಥ ಆಗಲ್ವಾ?"

"ರೀ, ನಿಮಗೇ ಒಂದು ಸರ್‌ನೇಮ್ ಗತಿ ಇಲ್ಲ. ಇನ್ನೊಬ್ಬರದ್ದು ಹುಡುಕೋಕೆ ಹೊರಟ್ರಿ."

ಮಹತ್ಕಾರ್ಯಗಳಿಗೆ ಮನೆಯಿಂದಲೇ ವಿಘ್ನ ಬರುವುದು ಲೋಕರೂಢಿ. ನಾನು ಕಿವಿಗೊಡಲಿಲ್ಲ.

ಮುರಿದ ಬೋಲ್ಟಿನ ಮೂಲ ಹುಡುಕಿದಂತೆಯೇ ಹುಡುಕಿದೆ. ಥ್ವೇಟ್ ಎಂದರೆ ಹಳೆಯ ಕಾಲದಲ್ಲಿ ಹಡಗೇರಿ ಬಂದ ಉತ್ತರದವರ ಮಾತಿನಲ್ಲಿ ಕಾಡು ಕಡಿದು ಮಾಡಿದ ಬಯಲು, ಅಂದರೆ ನಮ್ಮ ಹಕ್ಕಲು. ಸ್ಕಾರೋ ಎಂಬುದು ಆ ಹಕ್ಕಲು ಕಡಿದವನ ಹೆಸರು ಎಂದು ಕೆಲವರು, ಅಲ್ಲಿ ಕೂರುತ್ತಿದ್ದ ಹಕ್ಕಿ ಎಂದು ಕೆಲವರು. ಇಂಗ್ಲೆಂಡಿನ ಉತ್ತರದ ಒಂದು ಕಣಿವೆ, ಆ ಕಣಿವೆಯಲ್ಲಿ ಒಂದೇ ಒಂದು ಒಕ್ಕಲು ಮನೆ, ಅಲ್ಲಿಂದ ಈ ಹೆಸರು ಹೊರಟಿದ್ದು. ಹೊರಟು ಬಹಳ ದೂರವೇನೂ ಹೋಗಿರಲಿಲ್ಲ. ಅಂತರ್ಜಾಲದ ನಕ್ಷೆಯಲ್ಲಿ ಇಡೀ ಬ್ರಿಟನ್ ಬಿಳಿಯಾಗಿತ್ತು, ಉತ್ತರದಲ್ಲಿ ಮಾತ್ರ ಸೊಳ್ಳೆ ಕಚ್ಚಿದಂತೆ ಒಂದು ಕೆಂಪು ಚುಕ್ಕೆ. ಒಂದು ಕವಲು ಮಾತ್ರ ಕುರಿಗಳ ಸಮೇತ ನ್ಯೂಜಿಲೆಂಡಿಗೆ ಹೋಗಿತ್ತು.

ಇದನ್ನೆಲ್ಲ ತಾತನಿಗೆ ಬಾಲ್ಕನಿಯಿಂದಲೇ ಕೂಗಿ ಹೇಳಿದೆ. ಅವರು ಗಿಡಕ್ಕೆ ನೀರು ಹಾಕುತ್ತಾ, "ಹೌದು, ನನ್ನಜ್ಜನೂ ಹಾಗೇ ಹೇಳುತ್ತಿದ್ದರು," ಎಂದರು. ಆಮೇಲೆ ಸಂಕೋಚದಿಂದ, "ಶನಿವಾರ ನಿಮಗೆ ಬಿಡುವಿದೆಯೇ? ಸ್ಮಶಾನದ ಆಫೀಸಿಗೆ ಒಟ್ಟಿಗೆ ಹೋಗಿಬರಬಹುದಿತ್ತು," ಎಂದರು.

"ಎಲ್ಲಿಯ ಬಿಡುವು ಸರ್! ನಿಮ್ಮ ಕೆಲಸದಲ್ಲೇ ಮುಳುಗಿದ್ದೇನೆ."

ಅವರು ಸ್ವಲ್ಪ ಗಲಿಬಿಲಿಯಾದಂತೆ ಕಂಡರು. ಕೃತಜ್ಞತೆಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಆ ಹೆಸರಿನವರು ಅಂತರ್ಜಾಲದಲ್ಲಿ ಎಲ್ಲಿ ಸಿಕ್ಕರೂ ಅವರಿಗೆಲ್ಲ ಒಂದು ಸಂದೇಶ ಕಳಿಸಿದೆ. "ಮಾನ್ಯರೇ, ಜಪಾನ್ ದೇಶದಲ್ಲಿ ನಿಮ್ಮ ವಂಶದ ಸಮಾಧಿಯೊಂದು ನಿಮಗಾಗಿ ಕಾಯುತ್ತಿದೆ. ದಯವಿಟ್ಟು ನಿಮ್ಮ ಅಜ್ಜನ ಹೆಸರು ಮತ್ತು ನಿಮ್ಮ ಹುಟ್ಟಿದ ದಿನಾಂಕ ತಿಳಿಸಿ." ಜನ ದಿನಬೆಳಗಾದರೆ ಸಾವಿನ ಸುದ್ದಿ ಕೇಳುತ್ತಿದ್ದ ಕಾಲ. ಸಮಾಧಿ ಕಾಯುತ್ತಿದೆ ಎಂದರೆ ಯಾರು ಉತ್ತರ ಬರೆದಾರು? ಹಲವರು ನನ್ನನ್ನು ಬ್ಲಾಕ್ ಮಾಡಿದರು. ಒಬ್ಬರು ಪೊಲೀಸರಿಗೆ ಹೇಳುತ್ತೇನೆಂದು ಬರೆದರು. ನಾನು ಕಳಿಸಿದ್ದು ಆಫೀಸಿನ ಲ್ಯಾಪ್‌ಟಾಪಿನಿಂದ. ಸೋಮವಾರ ಮ್ಯಾನೇಜರ್ ಬಹಳ ವಿನಯದಿಂದ, "ನಂಜಪ್ಪ ಸಾನ್, ತಾವು ಸಮಾಧಿಯ ವ್ಯಾಪಾರ ಶುರುಮಾಡಿದ್ದೀರೆಂದು ಕಂಪ್ಯೂಟರ್ ವಿಭಾಗದವರು ಹೇಳುತ್ತಿದ್ದಾರೆ," ಎಂದರು. ಅಪ್ಪನ ಹೆಸರಿಗೆ ಇದೊಂದು ಬಾಕಿ ಇತ್ತು.

ಉತ್ತರ ಬರೆದವರು ಡೋರೀನ್ ಸ್ಕಾರೋಥ್ವೇಟ್ ಎಂಬ ಅಜ್ಜಿ ಒಬ್ಬರೇ. ಅದೇ ಕಣಿವೆಯವರು. "ಇಂಥ ಪತ್ರಗಳಿಗೆ ಉತ್ತರ ಬರೆಯಕೂಡದು ಎಂದು ಮೊಮ್ಮಗಳು ಹೇಳಿದ್ದಾಳೆ. ಆದರೆ ಮನೆಯೊಳಗೆ ಕೂತು ಬಹಳ ಕಾಲವಾಯಿತು. ಬೇರೆ ಯಾರೂ ನನಗೆ ಬರೆಯುತ್ತಿಲ್ಲ," ಎಂದಿದ್ದರು. ವಿಡಿಯೋ ಕರೆಗೆ ಬರಲು ನ್ಯೂಜಿಲೆಂಡಿನ ಕುರಿಯವರನ್ನೂ ಅವರೇ ಒಪ್ಪಿಸಿದರು.

ಮುಂದೊಂದು ಶನಿವಾರ ಸಂಜೆ ಸ್ಕಾರೋಥ್ವೇಟ್ ವಂಶದ ಪ್ರಥಮ ವಿಶ್ವ ಸಮ್ಮೇಳನವನ್ನು ನಮ್ಮ ಊಟದ ಮೇಜಿನ ಮೇಲೆ ಏರ್ಪಡಿಸಿದೆ. ತಾತನಿಗೆ ಏನೂ ಹೇಳದೆ ಬರೀ ಬನ್ನಿ ಎಂದಿದ್ದೆ. ವಸುಧಾ ಕೇಸರಿಬಾತ್ ಮಾಡಿದಳು. ತಾತ ಟೈ ಕಟ್ಟಿಕೊಂಡು, ವಸುಧಾಳಿಗೆ ಹೂವು ತಂದಿದ್ದರು.

"ನಂಜಪ್ಪ ಸಾನ್ ಒಪ್ಪಿದ್ದು ನಿಮ್ಮ ಒಳ್ಳೆಯತನದಿಂದ," ಎಂದು ಅವಳಿಗೆ ಹೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಕ್ಯಾಮೆರಾ ಸರಿಮಾಡುತ್ತಿದ್ದೆ.

ಪರದೆಯ ಮೇಲೆ ಡೋರೀನ್ ಅಜ್ಜಿ ಕಾಣಿಸಿಕೊಂಡರು. ಇನ್ನೊಂದು ಚೌಕದಲ್ಲಿ ನ್ಯೂಜಿಲೆಂಡಿನ ಗಡ್ಡದವನೊಬ್ಬ. ತಾತ ತಬ್ಬಿಬ್ಬಾಗಿ ಕೂತರು. ನಾನು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಹಿರಿಯನಂತೆ ಗಂಟಲು ಸರಿಮಾಡಿಕೊಂಡು, ಯಾರು ಯಾರ ಮಗ, ಅಜ್ಜನ ಹೆಸರೇನು ಎಂದು ವಿಚಾರಣೆ ಆರಂಭಿಸಿದೆ.

"ನೀವು ಮೇಲಿನ ಮನೆಯವರೋ, ಕೆಳಗಿನ ಮನೆಯವರೋ?" ಅಜ್ಜಿ ತಾತನನ್ನು ಕೇಳಿದರು.

"ಕೆಳಗಿನ ಮನೆ."

"ಓ." ಅಜ್ಜಿಯ ಮುಖ ಬಿಗಿಯಿತು. "ನಾವು ಮೇಲಿನ ಮನೆಯವರು. ಆ ಟಗರಿನ ವಿಷಯ ನಾವಿನ್ನೂ ಮರೆತಿಲ್ಲ."

ಮುತ್ತಾತಂದಿರ ಕಾಲದಲ್ಲಿ ಕೆಳಗಿನ ಮನೆಯವರು ಮೇಲಿನ ಮನೆಯ ಟಗರನ್ನು ಹೊಡೆದುಕೊಂಡು ಹೋಗಿದ್ದರಂತೆ. ಅಂದಿನಿಂದ ಮಾತುಕತೆ ಇಲ್ಲ. ಸಾಕ್ಷಾತ್ ನಮ್ಮವರೇ! ನನಗೆ ಹುರುಪು ಬಂತು. ಜಗಳ ಇದ್ದಲ್ಲಿ ನೆಂಟಸ್ತಿಕೆ ಗಟ್ಟಿ ಎಂದುಕೊಂಡು ನೇರ ವಿಷಯಕ್ಕೆ ಬಂದೆ.

"ಹಳೆಯದು ಬಿಡಿ ತಾಯೀ. ಇವರ ಹೆಂಡತಿಯ ಸಮಾಧಿಗೆ ಮುಂದೆ ಒಬ್ಬ ವಾರಸುದಾರ ಬೇಕು. ಹೆಚ್ಚೇನಿಲ್ಲ, ವಸಂತಕ್ಕೊಮ್ಮೆ, ಶರತ್ತಿಗೊಮ್ಮೆ ಬಂದು ಕಲ್ಲು ತೊಳೆದು ಹೂವಿಟ್ಟು ಹೋಗಬೇಕು. ನಿಮ್ಮಲ್ಲಿ ಯಾರು ಬರುತ್ತೀರಿ?"

ಗಡ್ಡದವನ ಚೌಕ ಕಪ್ಪಾಯಿತು.

"ಮಗೂ," ಅಜ್ಜಿ ಮೆಲ್ಲಗೆ ಹೇಳಿದರು, "ನನಗೆ ಬೀದಿ ಕೊನೆಯ ಔಷಧಿ ಅಂಗಡಿಗೇ ಹೋಗಲು ಆಗುತ್ತಿಲ್ಲ."

ಆಗ ತಾತ ನನ್ನ ಕಡೆ ತಿರುಗಿದರು. "ನಂಜಪ್ಪ ಸಾನ್, ಇದೆಲ್ಲ ಏಕೆ? ನೀವು ನೋಡಿಕೊಳ್ಳುತ್ತೀರೆಂದು ಅಂದೇ ಒಪ್ಪಿದಿರಲ್ಲ. ನಾನು ಸ್ಮಶಾನದ ಆಫೀಸಿನಲ್ಲಿ ನಿಮ್ಮ ಹೆಸರು ಹೇಳಿ ಬಂದಿದ್ದೇನೆ."

ಅಂದರೆ ಅಂದು ಬಿಸ್ಕತ್ತಿನ ಡಬ್ಬ ಹಿಡಿದು ಬಂದ ಮನುಷ್ಯ ಕೇಳಿದ್ದು ನನ್ನನ್ನೇ! ಇಂಗ್ಲಿಷರ ಸಂಕೋಚಕ್ಕೆ ಜಪಾನಿನ ಸಂಕೋಚವೂ ಸೇರಿ, ಆ ಮಾತು ನನ್ನ ಹೊಸ್ತಿಲಲ್ಲೇ ನಿಂತುಬಿಟ್ಟಿತ್ತು. ನನಗೆ ಮಾತ್ರ ಸಮಾಧಿ ಎಂದರೆ ವಂಶ, ವಂಶ ಎಂದರೆ ರಕ್ತ. ಆ ಗಳಿಗೆಯಲ್ಲಾದರೂ ಬಾಯಿ ಮುಚ್ಚಿಕೊಂಡು ಹೂಂ ಎನ್ನಬಹುದಿತ್ತು. ಆದರೆ ನನ್ನ ಬಾಯಿಂದ ಹೊರಟಿದ್ದು ಹೀಗೆ:

"ಅದು ಹೇಗಾಗುತ್ತೆ ಸರ್? ನಾನು ನಿಮ್ಮ ಪೈಕಿ ಅಲ್ಲವಲ್ಲ."

ಇಂಗ್ಲೆಂಡಿನಿಂದ ಅಜ್ಜಿ "ಅಯ್ಯೋ ದೇವರೇ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಸರಿ, ಸರಿ. ಖಂಡಿತ," ಎಂದರು ತಾತ. ತಟ್ಟೆಯಲ್ಲಿದ್ದ ಕೇಸರಿಬಾತನ್ನು ಒಂದು ಚೂರೂ ಬಿಡದೆ ತಿಂದರು. ವಸುಧಾಳಿಗೆ ಬಗ್ಗಿ ನಮಸ್ಕಾರ ಮಾಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

ವಸುಧಾ ಪಾತ್ರೆ ತೊಳೆಯುತ್ತಾ ಒಂದೇ ಮಾತು ಹೇಳಿದಳು. "ಕಸ ಹಾಕೋದು ಕಲಿಸ್ವಾಗ ಫುಮಿಕೋ ಸಾನ್ ನನ್ನ ಯಾರ ಪೈಕಿ ಅಂತ ಕೇಳ್ಲಿಲ್ಲ ಕಣ್ರೀ."

ಮರುದಿನ ಬೆಳಿಗ್ಗೆ ತಾತನ ಬಾಗಿಲು ತಟ್ಟಿ, ನಾನೇ ನೋಡಿಕೊಳ್ಳುತ್ತೇನೆ, ಖಂಡಿತ ನೋಡಿಕೊಳ್ಳುತ್ತೇನೆ ಎಂದೆ. ಅವರು ಬೇಜಾರು ಮಾಡಿಕೊಂಡವರಂತೆ ಕಾಣಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ನೀವು ಹೇಳಿದ್ದೇ ಸರಿ. ನೀವು ಯಾವತ್ತಾದರೂ ಊರಿಗೆ ಹೋಗಬೇಕಾದವರು. ನಾನು ಅದನ್ನು ಯೋಚಿಸಬೇಕಿತ್ತು," ಎಂದರು. ಗುಡ್ಡದ ಇನ್ನೊಂದು ಬದಿಯಲ್ಲಿ, ನೋಡಿಕೊಳ್ಳುವವರಿಲ್ಲದವರನ್ನು ಒಟ್ಟಿಗೆ ಇಡುವ ಸಮಾಧಿಯಿದೆಯಂತೆ. ಅದನ್ನೇ ಗೊತ್ತುಮಾಡಿದ್ದರು. ಅಲ್ಲಿ ಯಾರ ಮನೆತನದ ಹೆಸರೂ ಇರುವುದಿಲ್ಲ. ಗೋಡೆಯ ಮೇಲೆ ಬೆರಳಗಲದ ಒಂದು ಪಟ್ಟಿ, ಅದರಲ್ಲಿ ಬರೀ ಫುಮಿಕೋ.

ತವರನ್ನು ಎದುರುಹಾಕಿಕೊಂಡು ತೆಗೆದುಕೊಂಡ ಹೆಸರು, ಕೊನೆಗೆ ನನ್ನ ಕೃಪೆಯಿಂದ ಕಲ್ಲಿನ ಮೇಲೆ ಬರಲಿಲ್ಲ. ಆ ಹೆಸರಿನ ಮೂಲವನ್ನು ಪತ್ತೆಮಾಡಿ ನಕ್ಷೆಯಲ್ಲಿ ಗುರುತಿಸಿದವನೂ ನಾನೇ, ಅದನ್ನು ಯೋಕೋಹಾಮಾದಿಂದ ಅಳಿಸಿದವನೂ ನಾನೇ. ಡೋರೀನ್ ಅಜ್ಜಿ ಈಗ ಪ್ರತಿ ಶನಿವಾರ ತಾತನಿಗೆ ಕರೆ ಮಾಡಿ ಟಗರಿನ ಜಗಳ ಮುಂದುವರಿಸುತ್ತಾರೆ. ನನ್ನ ಸಂಶೋಧನೆಯಿಂದ ಆದ ಲಾಭ ಅಷ್ಟೇ. ಅವರ ದನಿ ಗೋಡೆಯಾಚೆಯಿಂದ ಕೇಳಿದಾಗ ವಸುಧಾ ಟಿವಿಯ ಸದ್ದು ಕಡಿಮೆ ಮಾಡುತ್ತಾಳೆ.

ಅಸ್ಥಿ ಇಡುವ ದಿನ ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. ಸೋಂಕಿನ ನಿಯಮ, ಹೆಚ್ಚು ಜನ ಬರುವಂತಿರಲಿಲ್ಲ. ಹೆಚ್ಚು ಜನ ಇರಲೂ ಇಲ್ಲ. ತಾತ ಪೆಟ್ಟಿಗೆಯನ್ನು ತಾವೇ ಹೊತ್ತು ತಂದಿದ್ದರು. ಅವರು ಊದುಬತ್ತಿ ಹಚ್ಚಿ ಹಿಂದೆ ಸರಿದ ಮೇಲೆ, ಕರಿ ಕೋಟಿನ ಸಿಬ್ಬಂದಿಯವನು ನಮ್ಮತ್ತ ಕೈತೋರಿಸಿ, "ಇನ್ನು ಮನೆಯವರು ಮುಂದೆ ಬನ್ನಿ," ಎಂದ.

ನಾನು ಮನೆಯವರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದೆ.

ನನ್ನ ಹಿಂದೆ ಯಾರೂ ಇರಲಿಲ್ಲ. ವಸುಧಾ ಬೆನ್ನಿಗೆ ತಿವಿದು, "ನಿಮ್ಮನ್ನೇ ಕರೀತಿರೋದು, ಹೋಗ್ರಿ," ಎಂದಳು. ಸಿಬ್ಬಂದಿಯವನು ತಾತ ಬರೆದುಕೊಟ್ಟಿದ್ದ ಚೀಟಿ ನೋಡಿಕೊಂಡು, "ನಂಜಪ್ಪ ಸಾನ್," ಎಂದು ಕರೆದ.

ನಂಜಪ್ಪನವರಾಗಿದ್ದರೆ ಬಾಗಿಲಲ್ಲಿ ಆ ಬಿಸ್ಕತ್ತಿನ ಡಬ್ಬ ನೋಡಿದಾಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಿದ್ದರು. ನನಗೆ ಬಂದದ್ದು ಅವರ ಹೆಸರು ಮಾತ್ರ. ಹೋಗಿ ಊದುಬತ್ತಿ ಹಚ್ಚಿದೆ. ಗಾಳಿಗೆ ಅದೂ ಆರಿಹೋಯಿತು. ತಾತ ಬಂದು ಅಂಗೈ ಅಡ್ಡ ಹಿಡಿದು ನಿಂತರು.